ಸೌದಿಗೆ ಹೋದರೆ ತಪಾಸಣೆ, ರಷ್ಯಾಕ್ಕೆ ಹೋದರೆ ಯಾಕಿಲ್ಲ?

ಶಹಾಪುರ ತಾಲ್ಲೂಕಿನ ಹತ್ತನೇ ಫೇಲಾದ ಹುಡುಗನೊಬ್ಬ ಸೌದಿಗೆ ಕೆಲಸಕ್ಕೆ ಹೊರಟರೆ ಸರ್ಕಾರ ಅವನ ಕಾಗದ ನೋಡುತ್ತದೆ. ಕಂಪನಿ ಯಾವುದು, ಸಂಬಳ ಎಷ್ಟು, ಕರಾರು ಇದೆಯೋ ಇಲ್ಲವೋ, ವಿಮೆ ಮಾಡಿಸಿದ್ದಾನೋ ಇಲ್ಲವೋ ಎಂದು ಕೇಳುತ್ತದೆ. ಅದೇ ಹುಡುಗ, ಅದೇ ಪಾಸ್‌ಪೋರ್ಟ್ ಹಿಡಿದುಕೊಂಡು ರಷ್ಯಾಕ್ಕೋ ಯುರೋಪಿನ ಮತ್ತೊಂದು ದೇಶಕ್ಕೋ ಕೆಲಸಕ್ಕೆ ಹೊರಟರೆ ಈ ಪ್ರಶ್ನೆಗಳನ್ನು ಕೇಳಲೇಬೇಕು ಎಂಬ ಕಾನೂನಿಲ್ಲ. ವೀಸಾ ಸರಿ ಇದ್ದರೆ ವಿಮಾನ ನಿಲ್ದಾಣದಲ್ಲಿ ಮುದ್ರೆ ಒತ್ತಿ ಕಳಿಸುತ್ತಾರೆ.

ಯುರೋಪ್ ವೀಸಾದ ಸುದ್ದಿ ನಮಗ್ಯಾಕ್ರಿ, ನಾವು ಬೆಂಗಳೂರು, ಪುಣೆ ದಾಟಿ ಹೋದವರಲ್ಲ ಎಂದು ಕೆಲವರು ಅನ್ನಬಹುದು. 2024ರ ಶುರುವಿನ ತನಕ ಪಕ್ಕದ ಕಲಬುರಗಿಯ ಮಂದಿಯೂ ಹಾಗೆಯೇ ಅಂದುಕೊಂಡಿದ್ದರು.

2023ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಮೂವರು, ತೆಲಂಗಾಣದ ನಾರಾಯಣಪೇಟೆಯ ಒಬ್ಬ ರಷ್ಯಾಕ್ಕೆ ಹೋದರು. ನಾರಾಯಣಪೇಟೆ ದೂರದ ಊರಲ್ಲ. ಗುರುಮಠಕಲ್ ದಾಟಿದರೆ ಸಿಗುತ್ತದೆ, ನಮ್ಮ ಅವ್ವಂದಿರು ಉಡುವ ಸೀರೆಯ ಊರು. ಸೆಕ್ಯುರಿಟಿ ಕೆಲಸ, ಹೆಲ್ಪರ್ ಕೆಲಸ ಎಂದು ಹೇಳಿ ಏಜೆಂಟರು ಈ ಹುಡುಗರನ್ನು ಒಪ್ಪಿಸಿದ್ದರು. ತಿಂಗಳಿಗೆ ಲಕ್ಷದ ಮೇಲೆ ಸಂಬಳ ಎಂದಿದ್ದರು. ಒಬ್ಬೊಬ್ಬರು ಮೂರು ಲಕ್ಷದ ಆಸುಪಾಸು ಕೊಟ್ಟಿದ್ದರು ಎಂದು ಆಗ ಪತ್ರಿಕೆಗಳಲ್ಲಿ ಬಂತು. ಅಲ್ಲಿ ಇಳಿದ ಮೇಲೆ ಅವರ ಮುಂದೆ ಇಟ್ಟ ಕರಾರು ರಷ್ಯನ್ ಭಾಷೆಯಲ್ಲಿತ್ತು. ಓದಲು ಬರುತ್ತಿರಲಿಲ್ಲ, ಸಹಿ ಹಾಕಿದರು. ಕೈಗೆ ಬಂದೂಕು ಬಂತು. ಉಕ್ರೇನ್ ಯುದ್ಧದ ಮುಂಚೂಣಿ ಎಲ್ಲಿದೆಯೋ ಅಲ್ಲಿಗೆ ಕಳಿಸಿದರು.

ಮನೆಯವರಿಗೆ ಗೊತ್ತಾಗಿದ್ದು ಮೊಬೈಲಿಗೆ ಬಂದ ವಿಡಿಯೋಗಳಿಂದ. ಹೈದರಾಬಾದಿನ ಸಂಸದ ಅಸಾದುದ್ದೀನ್ ಓವೈಸಿ 2024ರ ಜನವರಿಯಲ್ಲಿ ವಿದೇಶಾಂಗ ಸಚಿವರಿಗೆ ಪತ್ರ ಬರೆದರು. ಫೆಬ್ರವರಿಯಲ್ಲಿ ಸೂರತ್ತಿನ ಹುಡುಗನೊಬ್ಬ ಅಲ್ಲಿ ಸತ್ತ ಸುದ್ದಿ ಬಂತು, ಮಾರ್ಚಿನಲ್ಲಿ ಹೈದರಾಬಾದಿನ ಇನ್ನೊಬ್ಬನದು. ಜುಲೈನಲ್ಲಿ ಪ್ರಧಾನಿ ಮಾಸ್ಕೋಗೆ ಹೋದಾಗ ವಿಷಯ ಎತ್ತಿದರು. ನಮ್ಮ ಕಡೆಯ ನಾಲ್ವರು ಸೆಪ್ಟೆಂಬರಿನಲ್ಲಿ ಜೀವ ಹಿಡಿದುಕೊಂಡು ಊರಿಗೆ ಬಂದರು. ಎಲ್ಲರಿಗೂ ಆ ಪುಣ್ಯ ಇರಲಿಲ್ಲ. ರಷ್ಯಾ ಸೇನೆಗೆ 202 ಭಾರತೀಯರು ಸೇರಿರಬಹುದು, ಅವರಲ್ಲಿ 119 ಮಂದಿಗೆ ಬಿಡುಗಡೆ ಸಿಕ್ಕಿದೆ, 26 ಮಂದಿ ಸತ್ತಿದ್ದಾರೆ, 7 ಮಂದಿ ಕಾಣೆಯಾಗಿದ್ದಾರೆ ಎಂದು ಕೇಂದ್ರ ಸರ್ಕಾರ 2025ರ ಡಿಸೆಂಬರಿನಲ್ಲಿ ರಾಜ್ಯಸಭೆಗೆ ತಿಳಿಸಿತು.

ಸಿಬಿಐ 2024ರ ಮಾರ್ಚಿನಲ್ಲಿ ಪ್ರಕರಣ ದಾಖಲಿಸಿ ದೆಹಲಿ, ಮುಂಬೈ, ಚೆನ್ನೈ, ಮದುರೈ, ತಿರುವನಂತಪುರ ಸೇರಿದಂತೆ 13 ಕಡೆ ಶೋಧ ನಡೆಸಿತು. ಯೂಟ್ಯೂಬ್ ವಿಡಿಯೋ ಹಾಕಿ, ಊರೂರಲ್ಲಿ ಪರಿಚಯದವರನ್ನು ಹಿಡಿದು ಜನರನ್ನು ಸೆಳೆದದ್ದು ಹೊರಬಂತು. ಇದನ್ನು ಸಿಬಿಐ ಮಾನವ ಸಾಗಣೆ ಎಂದು ಕರೆಯಿತು. ಆದರೆ ಇದರಲ್ಲಿ ಯಾರೂ ಕಳ್ಳದಾರಿಯಲ್ಲಿ ಗಡಿ ದಾಟಿರಲಿಲ್ಲ, ಖೊಟ್ಟಿ ಪಾಸ್‌ಪೋರ್ಟ್ ಬೇಕಾಗಿರಲಿಲ್ಲ. ಟಿಕೆಟ್ ಇತ್ತು, ವೀಸಾ ಇತ್ತು, ನಮ್ಮದೇ ವಿಮಾನ ನಿಲ್ದಾಣದ ಮುದ್ರೆ ಇತ್ತು. ಮೋಸ ಇದ್ದದ್ದು ವೀಸಾ ಹೇಳುವುದಕ್ಕೂ ಏಜೆಂಟ್ ಹೇಳುವುದಕ್ಕೂ ನಡುವಿನ ಜಾಗದಲ್ಲಿ.

ಆ ಜಾಗ ಎಂಥದ್ದು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವೀಸಾ ಎಂದರೆ ಬರೀ "ಬರಬಹುದು" ಎಂಬ ಚೀಟಿಯಲ್ಲ. ಯಾತಕ್ಕೆ ಬರಬಹುದು, ಎಷ್ಟು ದಿನ ಇರಬಹುದು, ಎಷ್ಟು ಸಲ ಒಳಗೆ ಬರಬಹುದು ಎಂಬುದನ್ನೂ ಅದು ಹೇಳುತ್ತದೆ. ಪ್ರವಾಸಿ ವೀಸಾ ನೆಂಟರ ಮನೆಗೆ ಹೋದಹಾಗೆ. ಉಣ್ಣಬಹುದು, ಮಲಗಬಹುದು, ಊರು ನೋಡಬಹುದು. ಅವರ ಹೊಲದಲ್ಲಿ ಪಾಲು ಕೇಳುವ ಹಾಗಿಲ್ಲ. ಪ್ರವಾಸಿ ವೀಸಾದ ಮೇಲೆ ಕೆಲಸಕ್ಕೆ ನಿಂತರೆ ಅಂದಿನಿಂದಲೇ ನೀವು ಆ ದೇಶದ ಕಾನೂನಿಗೆ ತಪ್ಪಿತಸ್ಥರು. ಸಂಬಳ ಕೊಡದಿದ್ದರೆ ಪೊಲೀಸರ ಹತ್ತಿರ ಹೋಗಲು ಧೈರ್ಯ ಬರುವುದಿಲ್ಲ. ಏಜೆಂಟನಿಗೆ, ಮಾಲೀಕನಿಗೆ ಬೇಕಾಗಿರುವುದೂ ಅದೇ.

ರಷ್ಯಾದ ವಿಷಯಕ್ಕೆ ಬಂದರೆ, 2023ರ ಆಗಸ್ಟಿನಿಂದ ಭಾರತೀಯರಿಗೆ ಇ-ವೀಸಾ ಶುರುವಾಯಿತು. ರಾಯಭಾರ ಕಚೇರಿಗೆ ಹೋಗಬೇಕಿಲ್ಲ, ಮೊಬೈಲಿನಲ್ಲೇ ಅರ್ಜಿ, ಕೆಲವೇ ದಿನಗಳಲ್ಲಿ ಪಿಡಿಎಫ್ ಬರುತ್ತದೆ. ಪ್ರವಾಸ, ನೆಂಟರ ಭೇಟಿ, ವ್ಯಾಪಾರದ ಮಾತುಕತೆ, ಸಭೆ-ಕ್ರೀಡೆ ಇಂಥವಕ್ಕೆ ಮಾತ್ರ ಅದು. ಕೂಲಿಗೆ ಅಲ್ಲ. ಒಂದೇ ಸಲ ಒಳಗೆ ಹೋಗಬಹುದು. ಮೊದಲು ಅಲ್ಲಿ ಇರಲು ಸಿಗುತ್ತಿದ್ದದ್ದು 16 ದಿನ, 2025ರಲ್ಲಿ ಅದನ್ನು 30 ದಿನಕ್ಕೆ ಏರಿಸಿದರು. ಆದರೆ ವೀಸಾದ ಚಾಲ್ತಿ 120 ದಿನ ಎಂದು ಕಾಗದದ ಮೇಲಿರುತ್ತದೆ. ಏಜೆಂಟರು ತೋರಿಸುವುದು ಈ 120ನ್ನು. "ನಾಲ್ಕು ತಿಂಗಳ ವೀಸಾ ಅದ, ಅಷ್ಟರಾಗ ಕಂಪನಿಯವ್ರು ಪರ್ಮನೆಂಟ್ ಮಾಡ್ತಾರ" ಎನ್ನುತ್ತಾರೆ. ಚಾಲ್ತಿ ಬೇರೆ, ವಾಸ ಬೇರೆ. ಆ 120 ದಿನಗಳ ಒಳಗೆ ಯಾವಾಗಲಾದರೂ ಹೋಗಿ 30 ದಿನ ಇದ್ದು ಬರಬಹುದು, ಅಷ್ಟೇ ಅದರ ಅರ್ಥ.

ನಮ್ಮ ತಾಲ್ಲೂಕಿನ ಒಂದು ಹಳ್ಳಿಗೆ ತೊಗರಿ ಬೆಳೆಯ ಸುದ್ದಿಗೆಂದು ಹೋಗಿದ್ದೆ. ಪೇಪರಿನವನು ಬಂದಾನ ಎಂದು ತಿಳಿದು ಒಬ್ಬ ತಾಯಿ ಮಗನ ಮೊಬೈಲ್ ತಂದು ಮುಂದೆ ಹಿಡಿದರು. "ತಮ್ಮಾ, ಇದ್ರಾಗ ಏನ್ ಬರದಾರ ಒಂದೀಟು ಓದಿ ಹೇಳು" ಎಂದರು. ಇಂಥದ್ದೇ ಪಿಡಿಎಫ್. ಉದ್ದೇಶ ಎಂಬ ಸಾಲಿನಲ್ಲಿ ಪ್ರವಾಸ ಎಂದಿತ್ತು. ಮಗನಿಗೆ ಹೇಳಿದ್ದು ಪ್ಯಾಕಿಂಗ್ ಕಂಪನಿ ಕೆಲಸ ಎಂದು. "ಅವ್ವಾ, ಇದ್ರಾಗ ಕೆಲಸದ ಮಾತೇ ಇಲ್ರಿ, ಊರು ನೋಡಾಕ ಹೋಗೋ ಕಾಗದ ಇದು" ಎಂದೆ. ಆಕೆ ಮಗನ ಮುಖ ನೋಡಿದರು. ಎರಡು ಎಕರೆ ಅಡ ಇಟ್ಟು ರೊಕ್ಕ ಹೊಂದಿಸುವ ಮಾತು ನಡೆದಿತ್ತಂತೆ. ಅದು ನಿಂತಿತು. ಹುಡುಗ ಈಗ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ನನ್ನ ಮೇಲೆ ಅವನಿಗೆ ಇವತ್ತಿಗೂ ಸಿಟ್ಟಿದೆ, ಜಾತ್ರೆಯಲ್ಲಿ ಸಿಕ್ಕರೂ ಮಾತಾಡುವುದಿಲ್ಲ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಪುಣೆಯ ಬಿಸಿಲಲ್ಲಿ ಸೆಂಟ್ರಿಂಗ್ ಹಲಗೆ ಹೊರುವವನಿಗೆ ಲಕ್ಷ ಸಂಬಳದ ಕನಸು ಸಣ್ಣದಲ್ಲ.

ಇನ್ನೊಂದು ಮೋಸ ಇದಕ್ಕಿಂತ ನಾಜೂಕಿನದು. ಒಂದು ದೇಶದ ವೀಸಾ ತೋರಿಸಿ ಇನ್ನೊಂದು ದೇಶಕ್ಕೆ ದಾಟಿಸುವುದು. 2023ರ ಡಿಸೆಂಬರ್ ಕೊನೆಯಲ್ಲಿ ಪಂಜಾಬ್, ಹರಿಯಾಣದ ಏಳು ಹುಡುಗರು ಹೊಸ ವರ್ಷ ನೋಡಲು ರಷ್ಯಾಕ್ಕೆ ಹೋದರು. ಅವರ ಬಳಿ ರಷ್ಯಾದ ವೀಸಾ ಇತ್ತು. ಅಲ್ಲೊಬ್ಬ ಏಜೆಂಟ್ ಪಕ್ಕದ ಬೆಲಾರುಸ್ ದೇಶವನ್ನೂ ತೋರಿಸುತ್ತೇನೆಂದು ಕರೆದೊಯ್ದ. ಆ ದೇಶಕ್ಕೆ ಬೇರೆ ವೀಸಾ ಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ಅಲ್ಲಿ ಹೋದ ಮೇಲೆ ಆತ ಇನ್ನಷ್ಟು ರೊಕ್ಕ ಕೇಳಿದ, ಇವರ ಬಳಿ ಇರಲಿಲ್ಲ, ನಡುದಾರಿಯಲ್ಲಿ ಬಿಟ್ಟು ಹೋದ. ಪೊಲೀಸರು ಹಿಡಿದು ರಷ್ಯಾದವರಿಗೆ ಒಪ್ಪಿಸಿದರು. ಹತ್ತು ವರ್ಷ ಜೈಲಿಗೆ ಹಾಕುತ್ತೇವೆ, ಇಲ್ಲವಾದರೆ ಇದಕ್ಕೆ ಸಹಿ ಹಾಕಿ ಎಂದು ಸೇನೆಯ ಕರಾರು ಮುಂದಿಟ್ಟರು ಎಂದು ಆ ಹುಡುಗರು 2024ರ ಮಾರ್ಚಿನಲ್ಲಿ ಹರಿದಾಡಿದ ವಿಡಿಯೋದಲ್ಲಿ ಹೇಳಿಕೊಂಡಿದ್ದರು.

ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ರಷ್ಯಾ ಮತ್ತು ಬೆಲಾರುಸ್ ನಡುವಿನ ರಸ್ತೆಯಲ್ಲಿ ನಮ್ಮ ವಾಘಾ ಗಡಿಯ ಹಾಗೆ ಗೇಟು, ಬೇಲಿ ಇರಲಿಲ್ಲ. ನಾವು ಗುರುಮಠಕಲ್‌ನಿಂದ ನಾರಾಯಣಪೇಟೆಗೆ ಹೋಗುವಾಗ ರಾಜ್ಯ ಬದಲಾದದ್ದು ಬೋರ್ಡು ನೋಡಿದರಷ್ಟೇ ತಿಳಿಯುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಆ ಎರಡು ದೇಶದವರಿಗೆ ಅದು ಸಲೀಸು ದಾರಿ. ಮೂರನೆಯ ದೇಶದವರಿಗೆ ಅದು ತಪ್ಪು ದಾರಿಯಾಗಿತ್ತು. ಎರಡೂ ದೇಶಗಳು ಒಂದರ ವೀಸಾವನ್ನು ಇನ್ನೊಂದು ಒಪ್ಪಿಕೊಳ್ಳುವ ಒಪ್ಪಂದ ಜಾರಿಗೆ ಬಂದದ್ದು 2025ರ ಜನವರಿಯಲ್ಲಿ. ಆ ಏಳು ಮಂದಿ ಹೋದಾಗ ಇರಲಿಲ್ಲ. ಗೇಟು ಇಲ್ಲದ ಕಡೆ ಕಾನೂನೂ ಇಲ್ಲ ಎಂದು ತಿಳಿದವರಿಗೆ ಹೀಗಾಯಿತು.

ಪಶ್ಚಿಮ ಯುರೋಪಿನ ಲೆಕ್ಕವೇ ಬೇರೆ. ಜರ್ಮನಿ, ಫ್ರಾನ್ಸ್, ಇಟಲಿ, ಪೋಲೆಂಡ್ ಸೇರಿ 29 ದೇಶಗಳು ಷೆಂಗೆನ್ ಎಂಬ ಒಂದು ಗುಂಪು ಮಾಡಿಕೊಂಡಿವೆ. ರೊಮೇನಿಯಾ, ಬಲ್ಗೇರಿಯಾ 2025ರ ಜನವರಿಯಲ್ಲಿ ಪೂರ್ತಿಯಾಗಿ ಸೇರಿದವು. ಇವುಗಳಲ್ಲಿ ಒಂದು ದೇಶ ಕೊಟ್ಟ ಷೆಂಗೆನ್ ವೀಸಾದಿಂದ ಉಳಿದ ದೇಶಗಳಲ್ಲೂ ತಿರುಗಾಡಬಹುದು. ಆದರೆ 180 ದಿನಗಳಲ್ಲಿ ಒಟ್ಟು 90 ದಿನ ಮಾತ್ರ, ಅದೂ ವೀಸಾದ ಮೇಲೆ ಬರೆದಷ್ಟೇ ದಿನ. ಬ್ರಿಟನ್, ಐರ್ಲೆಂಡ್ ಈ ಗುಂಪಿನಲ್ಲಿಲ್ಲ. ರಷ್ಯಾ ಅಂತೂ ಇಲ್ಲವೇ ಇಲ್ಲ. "ಯುರೋಪ್ ವೀಸಾ" ಎಂಬ ಹೆಸರಿನ ಒಂದೇ ವೀಸಾ ಭೂಮಿ ಮೇಲಿಲ್ಲ, ಯಾರಾದರೂ ಆ ಹೆಸರಿನಲ್ಲಿ ರೊಕ್ಕ ಕೇಳಿದರೆ ಯಾವ ದೇಶದ್ದು ಎಂದು ತಿರುಗಿ ಕೇಳಿ.

ಷೆಂಗೆನ್ ವೀಸಾದ ಚೀಟಿಯನ್ನು ಓದಲು ಇಂಗ್ಲಿಷ್ ಪೂರ್ತಿ ಬರಬೇಕಿಲ್ಲ. ಅದರಲ್ಲಿ ವೀಸಾದ ಬಗೆ ಎಂಬ ಜಾಗದಲ್ಲಿ ಒಂದು ಅಕ್ಷರ ಇರುತ್ತದೆ. ಸಿ ಎಂದಿದ್ದರೆ ಸ್ವಲ್ಪ ದಿನದ ಭೇಟಿ. ಡಿ ಎಂದಿದ್ದರೆ ದೀರ್ಘ ವಾಸದ ವೀಸಾ, ಕೆಲಸಕ್ಕೋ ಓದಿಗೋ ಹೋಗುವವರಿಗೆ ಆಯಾ ದೇಶ ಕೊಡುವಂಥದ್ದು. ಕಾರ್ಖಾನೆಯಲ್ಲಿ ಎರಡು ವರ್ಷದ ಕೆಲಸ ಎಂದು ಹೇಳಿ ಸಿ ವೀಸಾ ಕೈಗಿಟ್ಟರೆ ಅಲ್ಲಿಗೆ ಮಾತು ಮುಗಿಯಿತು. ಇದರ ಶುಲ್ಕ ದೊಡ್ಡವರಿಗೆ 90 ಯೂರೋ, ನಮ್ಮ ರೊಕ್ಕದಲ್ಲಿ ಒಂಬತ್ತು ಸಾವಿರದ ಆಸುಪಾಸು. ಅರ್ಜಿ ತಿರಸ್ಕಾರವಾದರೂ ವಾಪಸ್ ಬರುವುದಿಲ್ಲ. 30,000 ಯೂರೋ ಮೊತ್ತದ ಆರೋಗ್ಯ ವಿಮೆ ಬೇಕು, ಬೆರಳಚ್ಚು ಕೊಡಬೇಕು, ಬ್ಯಾಂಕಿನ ಲೆಕ್ಕ ತೋರಿಸಬೇಕು. ವೀಸಾ ಪಕ್ಕಾ ಮಾಡಿಸಿಕೊಡುತ್ತೇನೆ ಎನ್ನುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ, ಅದನ್ನು ಕೊಡುವವರು ಆ ದೇಶದ ಕಾನ್ಸುಲೇಟಿನವರು. ಕೊಟ್ಟ ಮೇಲೂ ಅಲ್ಲಿನ ಗಡಿಯ ಅಧಿಕಾರಿ ವಾಪಸ್ ಕಳಿಸಬಹುದು.

(ಸುರಪುರದಲ್ಲಿ ಟೇಲರ್ ಮಂಜಿಲ್ ನೋಡಿದಾಗಲೆಲ್ಲ ನನಗೊಂದು ನಗು ಬರುತ್ತದೆ. ಮೆಡೋಸ್ ಟೇಲರ್ ಎಂಬ ಇಂಗ್ಲಿಷಿನವ 1841ರಲ್ಲಿ ಬಂದು ಹತ್ತು ವರ್ಷದ ಮೇಲೆ ಸುರಪುರದಲ್ಲೇ ಇದ್ದ. ಸಂಸ್ಥಾನದ ಆಡಳಿತದಲ್ಲಿ ಕೈ ಹಾಕಿದ, ಶಹಾಪುರ ಹತ್ತಿರದ ವಿಭೂತಿಹಳ್ಳಿಯ ಕಲ್ಲುಸಾಲುಗಳ ಬಗ್ಗೆ ಬರೆದ. ಅವನ ಬ್ಯಾಂಕಿನ ಲೆಕ್ಕವನ್ನು ಸುರಪುರದವರು ಯಾರೂ ಕೇಳಲಿಲ್ಲ.)

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಸೌದಿಗೆ ತಪಾಸಣೆ ಇದೆ, ರಷ್ಯಾಕ್ಕೆ ಯಾಕಿಲ್ಲ?

ಕೆಲಸಕ್ಕೆ ವಿದೇಶಕ್ಕೆ ಹೋಗುವವರಿಗಾಗಿ ನಮ್ಮಲ್ಲಿ 1983ರ ವಲಸೆ ಕಾಯ್ದೆ ಇದೆ. ಅದರ ಪ್ರಕಾರ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್ ಎಂದು ಬರೆದಿರುತ್ತದೆ. ವಲಸೆ ತಪಾಸಣೆ ಬೇಕು ಎಂದು ಅದರ ಅರ್ಥ. ಇಂಥ ಪಾಸ್‌ಪೋರ್ಟ್ ಇದ್ದವರು ಕೆಲಸಕ್ಕೆಂದು ಹೋಗುವಾಗ ಇ-ಮೈಗ್ರೇಟ್ ಎಂಬ ಸರ್ಕಾರಿ ಜಾಲತಾಣದ ಮೂಲಕ ಅನುಮತಿ ಪಡೆಯಬೇಕು. ಮಾಲೀಕ ಅಲ್ಲಿ ನೋಂದಣಿ ಮಾಡಿಸಿರಬೇಕು, ಕರಾರು ಇರಬೇಕು, 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಮಾಡಿಸಿರಬೇಕು. ಆ ವಿಮೆಯ ಕಂತು ಎರಡು ವರ್ಷಕ್ಕೆ 275 ರೂಪಾಯಿ. ಒಳ್ಳೆಯ ವ್ಯವಸ್ಥೆ, ಕಾಗದದ ಮೇಲಾದರೂ.

ಆದರೆ ಈ ತಪಾಸಣೆ ಇರುವುದು 18 ದೇಶಗಳಿಗೆ ಮಾತ್ರ. ಸೌದಿ, ದುಬೈ ಇರುವ ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್, ಇರಾಕ್, ಲಿಬಿಯಾ, ಮಲೇಷ್ಯಾ ಮುಂತಾದವು. ಯುರೋಪಿನ ಒಂದು ದೇಶವೂ ಆ ಪಟ್ಟಿಯಲ್ಲಿಲ್ಲ. ಯುರೋಪಿಗೆ ಹೋಗುವವನು ಓದಿದವನೇ ಇರುತ್ತಾನೆ, ಇಂಗ್ಲಿಷ್ ಬಲ್ಲವನೇ ಇರುತ್ತಾನೆ, ಅವನಿಗೆ ನಮ್ಮ ಕಾವಲು ಬೇಕಿಲ್ಲ ಎಂಬ ಎಣಿಕೆ ಈ ಪಟ್ಟಿಯಲ್ಲಿ ನನಗೆ ಕಾಣುತ್ತದೆ. ಈಗ ಇ-ವೀಸಾ ಬಂದಿದೆ, ಯೂಟ್ಯೂಬ್ ಬಂದಿದೆ, ಕಂತಿನಲ್ಲಿ ಟಿಕೆಟ್ ಕೊಡುವವರು ಬಂದಿದ್ದಾರೆ. ಪಟ್ಟಿ ಇನ್ನೂ ಹಳೇ ಕಾಲದಲ್ಲೇ ಕೂತಿದೆ.

ನಮ್ಮ ಜಿಲ್ಲೆಗೆ ಇದು ಉಳಿದವರಿಗಿಂತ ಹೆಚ್ಚು ಮುಟ್ಟುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕೊನೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 50.59, ಅದೂ ರಾಜ್ಯದಲ್ಲೇ ಕೊನೆ. ಆ ವರ್ಷ ಪರೀಕ್ಷೆಗೆ ಕೂತವರಲ್ಲಿ ಅರ್ಧದಷ್ಟು ಮಕ್ಕಳು ಮೊದಲ ಸಲಕ್ಕೆ ಪಾಸಾಗಲಿಲ್ಲ. ಮುಂದೆಯೂ ಪಾಸಾಗದೆ ಉಳಿದವರು ಪಾಸ್‌ಪೋರ್ಟ್ ಮಾಡಿಸಿದರೆ ಅದು ಇಸಿಆರ್ ಆಗುತ್ತದೆ. ಅಂದರೆ ಕಾವಲು ಬೇಕು ಎಂದು ಸರ್ಕಾರವೇ ಬರೆದುಕೊಟ್ಟ ಮಕ್ಕಳು ನಮ್ಮಲ್ಲಿ ಹೆಚ್ಚು. ದುಬೈ ಕಡೆ ತಿರುಗಿದರೆ ಅವರಿಗೆ ಕಾವಲು ಇದೆ, ಮಾಸ್ಕೋ ಕಡೆ ತಿರುಗಿದರೆ ಅದೇ ಬರಹಕ್ಕೆ ಬೆಲೆ ಇಲ್ಲ.

ಓದಿಲ್ಲದವರನ್ನು ಗುರುತು ಮಾಡಲು ಸರ್ಕಾರಕ್ಕೆ ಉತ್ಸಾಹ ಇಲ್ಲ ಎಂದಲ್ಲ. 2018ರ ಜನವರಿಯಲ್ಲಿ ಇಸಿಆರ್ ಇದ್ದವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುತ್ತೇವೆ ಎಂದು ವಿದೇಶಾಂಗ ಇಲಾಖೆ ಪ್ರಕಟಿಸಿತ್ತು. ಇದು ಬಡವರಿಗೆ ಹಣೆಪಟ್ಟಿ ಕಟ್ಟಿದಂತೆ ಎಂದು ಎಲ್ಲ ಕಡೆ ಬೈದ ಮೇಲೆ ಅದೇ ತಿಂಗಳ ಕೊನೆಯಲ್ಲಿ ಕೈಬಿಟ್ಟಿತು.

ಬಣ್ಣದ ಮಾತು ಬಂದಿದ್ದಕ್ಕೆ ಇನ್ನೊಂದು ಪಾಸ್‌ಪೋರ್ಟನ್ನೂ ನೆನಪಿಸುತ್ತೇನೆ. 2024ರ ಏಪ್ರಿಲ್ ಕೊನೆಯಲ್ಲಿ, ಕಲಬುರಗಿಯ ಹುಡುಗರು ಇನ್ನೂ ರಷ್ಯಾದಲ್ಲಿ ಸಿಕ್ಕಿಬಿದ್ದಿದ್ದಾಗ, ಹಾಸನದ ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಜರ್ಮನಿಗೆ ಹೋದರು. ಅವರ ಕೈಯಲ್ಲಿ ರಾಜತಾಂತ್ರಿಕ ಪಾಸ್‌ಪೋರ್ಟ್ ಇತ್ತು, ಅದು ಇದ್ದವರಿಗೆ ಜರ್ಮನಿಗೆ ಹೋಗಲು ವೀಸಾ ಬೇಕಿಲ್ಲ, ಹೋಗುವ ಮುಂಚೆ ನಮ್ಮ ಅನುಮತಿಯನ್ನೂ ಕೇಳಿರಲಿಲ್ಲ ಎಂದು ವಿದೇಶಾಂಗ ಇಲಾಖೆ ಆಮೇಲೆ ಹೇಳಿತು. ಮೇ 31ರಂದು ವಾಪಸ್ ಬಂದಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬಂಧನವಾಯಿತು. ಯುರೋಪಿನ ನಿಯಮಗಳನ್ನು ಟೀವಿಯಲ್ಲಿ ನಮ್ಮ ಮಂದಿ ತಿಂಗಳುಗಟ್ಟಲೆ ಕೇಳಿದ್ದು ಆ ಪ್ರಕರಣದಲ್ಲಿ. ನಮ್ಮ ಪಕ್ಕದ ಹುಡುಗರ ವೀಸಾದ ಬಗ್ಗೆ ಅದರ ಕಾಲುಭಾಗ ಚರ್ಚೆಯೂ ಆಗಲಿಲ್ಲ.

ಪಟ್ಟಿಗೆ ರಷ್ಯಾ ಸೇರಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಇಸಿಆರ್ ತಪಾಸಣೆ ಇರುವುದು ಕೆಲಸಕ್ಕೆಂದು ಹೋಗುವವರಿಗೆ. ಪ್ರವಾಸಿ ವೀಸಾ ಎಂದು ತೋರಿಸಿ ದುಬೈಗೆ ಹೋಗಿ ಕೆಲಸಕ್ಕೆ ನಿಂತವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೇಲಿ ಹಾರುವವನು ಹಾರುತ್ತಾನೆ. ಆದರೂ ಬೇಲಿ ಇದ್ದರೆ ಒಂದು ಲಾಭ ಇದೆ. ಇಂಥ ದೇಶಕ್ಕೆ ಹೋಗುವಾಗ ಅನುಮತಿ ಬೇಕು ಎಂಬ ಮಾತು ಊರಲ್ಲಿ ಹಬ್ಬುತ್ತದೆ. "ಇ-ಮೈಗ್ರೇಟ್ ಆಗ್ಯದೇನ್ರಿ?" ಎಂದು ಮನೆಯವರು ಕೇಳುತ್ತಾರೆ. ಸೌದಿಗೆ ಹೋಗುವವರ ಮನೆಯಲ್ಲಿ ಈ ಪ್ರಶ್ನೆ ಈಗ ಬರುತ್ತದೆ. ರಷ್ಯಾದವರ ಮನೆಯಲ್ಲಿ ಕೇಳಲು ಪ್ರಶ್ನೆಯೇ ಇಲ್ಲ.

ಸರಿಯಾದ ವೀಸಾದಲ್ಲಿ ಹೋದರೆ ಏನು ಲಾಭ ಎಂಬುದಕ್ಕೆ 2022ರ ಉಕ್ರೇನ್ ನೆನಪಿಸಿಕೊಳ್ಳಿ. ಅಲ್ಲಿ ಓದುತ್ತಿದ್ದ ನಮ್ಮ ಮಕ್ಕಳು ವಿದ್ಯಾರ್ಥಿ ವೀಸಾದ ಮೇಲೆ ಹೋದವರು. ಯಾವ ಕಾಲೇಜಿನಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದರ ಲೆಕ್ಕ ಹಿಡಿಯಲು ದಾರಿ ಇತ್ತು. ಯುದ್ಧ ಶುರುವಾದಾಗ ಸರ್ಕಾರ ಪಕ್ಕದ ದೇಶಗಳ ಜೊತೆ ಮಾತಾಡಿತು, ವೀಸಾ ಇಲ್ಲದಿದ್ದರೂ ಭಾರತದ ವಿದ್ಯಾರ್ಥಿಗಳನ್ನು ಒಳಗೆ ಬಿಡುತ್ತೇವೆ ಎಂದು ಪೋಲೆಂಡ್ ಹೇಳಿತು. ಸುಮಾರು 22,500 ಮಂದಿ ವಾಪಸ್ ಬಂದರು. ಹಾವೇರಿ ಜಿಲ್ಲೆ ಚಳಗೇರಿಯ ನವೀನ್ ಒಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕು ತೀರಿಕೊಂಡ, ಅವನ ದೇಹ 20 ದಿನಗಳ ಮೇಲೆ ಊರಿಗೆ ಬಂತು. ಆ ದುಃಖ ಇದ್ದದ್ದೇ. ಆದರೆ ಅಲ್ಲಿದ್ದವರು ಯಾರು ಎಂಬುದು ಗೊತ್ತಿತ್ತು. ರಷ್ಯಾಕ್ಕೆ ಪ್ರವಾಸಿಗರೆಂದು ಹೋದವರು ಪ್ರವಾಸಿಗರ ಲೆಕ್ಕದಲ್ಲೇ ಕಳೆದುಹೋಗಿದ್ದರು, ಅವರವರ ಮನೆಯವರು ವಿಡಿಯೋ ಹಿಡಿದು ಬಾಗಿಲು ಬಡಿಯುವ ತನಕ.

ಗುಳೆ ಹೋಗುವುದು ನಮಗೆ ಹೊಸದಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಊರುಗಳಲ್ಲೂ ನಿಂತಿಲ್ಲ. ಮೇಸ್ತ್ರಿ ಹಬ್ಬಕ್ಕೆ ಮುಂಚೆ ಬಂದು ಮುಂಗಡ ಕೊಟ್ಟು ಹೋಗುತ್ತಾನೆ, ಆಮೇಲೆ ದುಡಿದು ತೀರಿಸುವುದು. ಅದರಲ್ಲಿ ಎಷ್ಟು ಹಿಂಸೆ ಇದೆ ಎಂದು ನಾನೇ ಹಲವು ಸಲ ಬರೆದಿದ್ದೇನೆ. ಆದರೂ ಅಲ್ಲಿ ರೊಕ್ಕ ಮೊದಲು ನಮ್ಮ ಕೈಗೆ ಬರುತ್ತದೆ. ವಿದೇಶದ ಏಜೆಂಟನ ಬಳಿ ರೊಕ್ಕ ಮೊದಲು ನಮ್ಮ ಕೈಯಿಂದ ಹೋಗುತ್ತದೆ. ಬೆಂಗಳೂರಿನಲ್ಲಿ ಕೈಕೊಟ್ಟರೆ ಮೆಜೆಸ್ಟಿಕ್‌ಗೆ ಬಂದು ಯಾದಗಿರಿ ಬಸ್ ಹತ್ತಬಹುದು. ಒಂದೇ ಸಲ ಪ್ರವೇಶದ ವೀಸಾ ಮುಗಿದು, ಪಾಸ್‌ಪೋರ್ಟ್ ಬೇರೆಯವರ ಕಪಾಟಿನಲ್ಲಿದ್ದವನು ಯಾವ ಬಸ್ ಹತ್ತಬೇಕು?

ಏಜೆಂಟನ ಬಗ್ಗೆ ಕಾನೂನಿನಲ್ಲಿ ಒಂದು ಸ್ಪಷ್ಟ ಮಾತಿದೆ. ಯಾವ ದೇಶಕ್ಕೇ ಆಗಲಿ, ಕೆಲಸಕ್ಕೆ ಜನರನ್ನು ಕಳಿಸುವವನು ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆದಿರಲೇಬೇಕು. ರಷ್ಯಾಕ್ಕೂ ಇದು ಅನ್ವಯ. ಅವನು ತನ್ನ ಸೇವೆಗೆ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ರಸೀದಿ ಕೊಡಬೇಕು. ಲೈಸೆನ್ಸ್ ಇರುವವರ ಹೆಸರು ಇ-ಮೈಗ್ರೇಟ್ ಜಾಲತಾಣದಲ್ಲಿವೆ. ಮೂರು ಲಕ್ಷ, ಐದು ಲಕ್ಷ ಕೇಳುವವನು ಅಲ್ಲಿಗೇ ಕಾನೂನು ಮುರಿದಾಯಿತು, ಅವನ ಮಾತು ಎಷ್ಟೇ ಸಿಹಿ ಇರಲಿ, ಅವನು ನಿಮ್ಮ ಬೀಗನ ತಮ್ಮನೇ ಇರಲಿ. ಹೇಳಬೇಕೆಂದೇ ಬೀಗರ ಮಾತು ತೆಗೆದೆ. ನಮ್ಮಲ್ಲಿ ಏಜೆಂಟ್ ಅಪರಿಚಿತನಾಗಿ ಬರುವುದು ಕಡಿಮೆ, ಮದುವೆ ಮನೆಯಲ್ಲೇ ಸಿಗುತ್ತಾನೆ.

ಮುಂದೆ ಈ ದಾರಿ ಇನ್ನೂ ಅಗಲವಾಗುತ್ತದೆ. 2025ರ ಡಿಸೆಂಬರಿನಲ್ಲಿ ರಷ್ಯಾದ ಅಧ್ಯಕ್ಷ ಪುಟಿನ್ ದೆಹಲಿಗೆ ಬಂದಾಗ ಎರಡೂ ದೇಶಗಳು ಕಾರ್ಮಿಕರ ಓಡಾಟದ ಬಗ್ಗೆ ಒಪ್ಪಂದ ಮಾಡಿಕೊಂಡವು. ಅಲ್ಲಿ ಕೆಲಸದವರ ಕೊರತೆ ಇದೆ, ಇಲ್ಲಿ ಕೆಲಸದ ಕೊರತೆ ಇದೆ. ಕಾನೂನುಬದ್ಧ ಕೆಲಸ ನಿಜವಾಗಿಯೂ ಬರಬಹುದು, ಬರಲಿ. ಆದರೆ ನಿಜವಾದ ಕೆಲಸದ ಸುದ್ದಿ ಬಂದಾಗಲೇ ಸುಳ್ಳು ಏಜೆಂಟನಿಗೆ ಸುಗ್ಗಿ. ಹಿಂದೆ "ರಷ್ಯಾದಾಗ ಕೆಲಸ ಎಲ್ಲಿ ಐತಿ" ಎಂದು ಅನುಮಾನ ಪಡುತ್ತಿದ್ದವರೂ ಇನ್ನು ಮುಂದೆ "ಸರ್ಕಾರನೇ ಒಪ್ಪಂದ ಮಾಡ್ಯಾದ" ಎಂದು ನಂಬುತ್ತಾರೆ. ಆ ಒಪ್ಪಂದದ ಜೊತೆಗೇ ರಷ್ಯಾವನ್ನು ತಪಾಸಣೆಯ ಪಟ್ಟಿಗೆ ಸೇರಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಹಳೇ ವಲಸೆ ಕಾಯ್ದೆಯ ಬದಲಿಗೆ ಹೊಸದು ತರುವ ಕರಡನ್ನು ಕೇಂದ್ರ 2025ರಲ್ಲಿ ಜನರ ಮುಂದಿಟ್ಟಿದೆ. ನಮ್ಮ ಭಾಗದ ಸಂಸದರು ಅದರ ಚರ್ಚೆಯಲ್ಲಿ ಕಲಬುರಗಿಯ ಹೆಸರು ಎತ್ತಬೇಕು.

ರಾಜ್ಯದ ಕೈಯಲ್ಲೂ ಕೆಲಸ ಇದೆ. ಕೌಶಲ್ಯಾಭಿವೃದ್ಧಿ ಇಲಾಖೆಯ ಅಡಿಯಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಎಂಬುದೊಂದಿದೆ. ಅದಕ್ಕೆ ಲೈಸೆನ್ಸ್ ಇದೆ, ಸ್ಲೊವಾಕಿಯಾದಂಥ ಯುರೋಪಿನ ದೇಶಕ್ಕೂ ಕೆಲಸಗಾರರನ್ನು ಕಳಿಸಿದೆ. ಆ ಇಲಾಖೆಯ ಸಚಿವ ಶರಣಪ್ರಕಾಶ ಪಾಟೀಲರು ನಮ್ಮ ಪಕ್ಕದ ಸೇಡಂನವರು. ಆದರೂ ಶಹಾಪುರದಲ್ಲಿ ನಾನು ಮಾತಾಡಿಸಿದ ಹುಡುಗರಲ್ಲಿ ಇಂಥದ್ದೊಂದು ಕೇಂದ್ರ ಇದೆ ಎಂದು ಬಲ್ಲವರು ಒಬ್ಬರೂ ಸಿಗಲಿಲ್ಲ. ಯೂಟ್ಯೂಬಿನ ಏಜೆಂಟರ ಹೆಸರು ಮಾತ್ರ ಬಾಯಲ್ಲೇ ಇದ್ದವು.

ಪ್ರತಿ ಪಂಚಾಯಿತಿಯಲ್ಲಿ ಗ್ರಾಮ ಒನ್ ಇದೆ, ಅರಿವು ಕೇಂದ್ರ ಇದೆ. ಪಾಸ್‌ಪೋರ್ಟ್ ಅರ್ಜಿ ತುಂಬಲು, ವೀಸಾ ಪ್ರಿಂಟ್ ತೆಗೆಸಲು ಹುಡುಗರು ಬರುವುದು ಇಂಥ ಕಡೆಗೇ, ಇಲ್ಲವೇ ಪಕ್ಕದ ಝೆರಾಕ್ಸ್ ಅಂಗಡಿಗೆ. ಅಲ್ಲಿ ಕೂತಿರುವವರಿಗೆ ಅರ್ಧ ದಿನದ ತರಬೇತಿ ಕೊಟ್ಟರೆ ಸಾಕು: ವೀಸಾದ ಉದ್ದೇಶದ ಸಾಲು ಯಾವುದು, ದಿನದ ಸಾಲು ಯಾವುದು, ಏಜೆಂಟನ ಲೈಸೆನ್ಸ್ ಎಲ್ಲಿ ಹುಡುಕಬೇಕು. ಪ್ರಿಂಟ್ ಕೊಡುವಾಗಲೇ "ತಮ್ಮಾ, ಇದು ಪ್ರವಾಸದ್ದು, ಕೆಲಸದ್ದಲ್ಲ" ಎಂದು ಒಂದು ಮಾತು ಹೇಳಲಿ. ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ.

ಹೋಗಲೇಬೇಕು ಎಂದು ತೀರ್ಮಾನ ಮಾಡಿದವರಿಗೆ: ಪಾಸ್‌ಪೋರ್ಟ್, ವೀಸಾ, ಕರಾರು, ರೊಕ್ಕ ಕೊಟ್ಟ ರಸೀದಿ ಎಲ್ಲದರ ಫೋಟೋ ಮನೆಯವರ ಮೊಬೈಲಿನಲ್ಲಿ ಇರಲಿ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ, ಫೋಟೋ ತೆಗೆದು ಮನೆಗೆ ಕಳಿಸಿ, ಮೊಬೈಲಿನಲ್ಲೇ ಅದನ್ನು ಕನ್ನಡಕ್ಕೆ ತಿರುಗಿಸಿ ನೋಡಲು ಬರುತ್ತದೆ. ತೊಂದರೆಯಾದರೆ ವಿದೇಶಾಂಗ ಇಲಾಖೆಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಮನೆಯವರು 1800 11 3090ಕ್ಕೆ ಉಚಿತವಾಗಿ ಕರೆ ಮಾಡಬಹುದು, ಮದದ್ ಎಂಬ ಜಾಲತಾಣದಲ್ಲಿ ದೂರು ಹಾಕಬಹುದು.

ಜಿಲ್ಲಾ ಉಸ್ತುವಾರಿ ಸಚಿವರು ನಮ್ಮ ಶಹಾಪುರದ ಶಾಸಕರೇ. ಮುಂದಿನ ಕೆಡಿಪಿ ಸಭೆಯಲ್ಲಿ ಅವರಿಗೆ ಕೇಳಲು ನನ್ನ ಬಳಿ ಒಂದು ಪ್ರಶ್ನೆ ಇದೆ: ಯಾದಗಿರಿ ಜಿಲ್ಲೆಯಿಂದ ವಿದೇಶಕ್ಕೆ ಕೆಲಸಕ್ಕೆ ಹೋದವರು ಎಷ್ಟು ಮಂದಿ, ಯಾವ ದೇಶದಲ್ಲಿ, ಯಾವ ವೀಸಾದ ಮೇಲೆ ಇದ್ದಾರೆ ಎಂಬ ಪಟ್ಟಿ ಜಿಲ್ಲಾಡಳಿತದ ಯಾವ ಕಚೇರಿಯಲ್ಲಿ ಸಿಗುತ್ತದೆ? ಉತ್ತರ ಸಿಕ್ಕರೆ ಇಲ್ಲಿಯೇ ಹಾಕುತ್ತೇನೆ, ಸಿಗದಿದ್ದರೆ ಅದನ್ನೂ ಹಾಕುತ್ತೇನೆ.